ತಮ್ಮನ ಮೇಲೆ ಸಿನಿಮಾ ಕಾಪಿರೈಟ್ ಕೇಸು. ಬೆಂಗಳೂರು ಕೋರ್ಟಿನಿಂದ ಸಮನ್ಸ್ ಬಂದಿದೆ, ದಯವಿಟ್ಟು ಗೊತ್ತಿದ್ದವರು ಹೇಳಿ

ಗಾಜನೂರು ಅಕ್ಕ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ತೀರ್ಥಹಳ್ಳಿ ಕಡೆ ಒಂದು ಮೊಬೈಲ್ ಅಂಗಡಿ ಇದೆ. ರೀಚಾರ್ಜ್, ಗ್ಲಾಸ್ ಹಾಕುವುದು, ಸಣ್ಣಪುಟ್ಟ ರಿಪೇರಿ. ಜೊತೆಗೆ ಪೆನ್‌ಡ್ರೈವ್‌ಗೆ, ಮೆಮೊರಿ ಕಾರ್ಡಿಗೆ ಸಿನಿಮಾ ತುಂಬಿಸಿಕೊಡುತ್ತಿದ್ದ. ಆಮೇಲೆ ಟೆಲಿಗ್ರಾಂನಲ್ಲಿ ಒಂದು ಚಾನೆಲ್ ಶುರು ಮಾಡಿದ. ಹೊಸ ಕನ್ನಡ ಸಿನಿಮಾಗಳನ್ನು ಟೊರೆಂಟ್‌ನಿಂದ ಇಳಿಸಿ ಅಲ್ಲಿ ಹಾಕುತ್ತಿದ್ದ. ಒಳ್ಳೆ ಪ್ರಿಂಟ್ ಬೇಗ ಬೇಕು ಅನ್ನುವವರಿಗೆ ಬೇರೆ ಗ್ರೂಪ್ ಇತ್ತು. ಅದಕ್ಕೆ ತಿಂಗಳಿಗೆ 49 ರೂಪಾಯಿ. ದುಡ್ಡು ಅಂಗಡಿಯ ಯುಪಿಐಗೇ ಬರುತ್ತಿತ್ತು.

ಒಂದು ನಿರ್ಮಾಣ ಸಂಸ್ಥೆಯ ವಕೀಲರಿಂದ ನೋಟಿಸ್ ಬಂದಿತ್ತಂತೆ. ಅದನ್ನು ಅಂಗಡಿಯ ಡ್ರಾಯರ್‌ನಲ್ಲಿ ಇಟ್ಟು ಯಾರಿಗೂ ಹೇಳಲಿಲ್ಲ. ಈಗ ಬೆಂಗಳೂರಿನ ಕಮರ್ಷಿಯಲ್ ಕೋರ್ಟಿನಿಂದ ಸಮನ್ಸ್ ಬಂದಿದೆ. 10 ಲಕ್ಷ ಪರಿಹಾರ ಕೇಳಿದ್ದಾರೆ. ಕ್ರಿಮಿನಲ್ ದೂರು ಕೊಡುವ ಹಕ್ಕೂ ನಮಗಿದೆ ಅಂತ ಬರೆದಿದ್ದಾರೆ. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ತೋಟದ ಮೇಲೆ ಸಾಲ ತೆಗೆಯಬೇಕಾ ಅಂತ ಅಪ್ಪ ಕೇಳುತ್ತಿದ್ದಾರೆ. ಊರಲ್ಲಿ ಯಾರೋ ಗೂಂಡಾ ಕಾಯ್ದೆ ಹಾಕುತ್ತಾರೆ ಅಂತ ಬೇರೆ ಹೆದರಿಸಿದ್ದಾರೆ.

ತಮ್ಮ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಮುಂದೆ ಏನು ಮಾಡಬೇಕು, ಅದನ್ನು ಹೇಳಿ.

ಹೊಸನಗರ ಹುಡುಗ:
ಅಕ್ಕ, ಸುಮ್ನೆ ಚಾನೆಲ್ ಡಿಲೀಟ್ ಮಾಡಿಸಿ, ಸಿಮ್ ಬದಲಾಯಿಸಿ. ಲಕ್ಷಾಂತರ ಜನ ಮಾಡುತ್ತಾರೆ. ಮೊಬೈಲ್ ಅಂಗಡಿಯ ಹುಡುಗನ ಹಿಂದೆ ಯಾರು ಬೀಳುತ್ತಾರೆ?

ಕೋರ್ಟ್ ಹಾಲ್:
ದಯವಿಟ್ಟು ಮೇಲಿನ ಮಾತು ಕೇಳಬೇಡಿ ಮೇಡಂ. ನಾನು ಶಿವಮೊಗ್ಗದಲ್ಲಿ ಸಿವಿಲ್ ಪ್ರಾಕ್ಟೀಸ್ ಮಾಡುತ್ತೇನೆ. ವಕೀಲರು ಪ್ರಚಾರ ಮಾಡಿಕೊಳ್ಳುವ ಹಾಗಿಲ್ಲ, ಹಾಗಾಗಿ ನಂಬರ್ ಹಾಕುವುದಿಲ್ಲ. ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಸಮನ್ಸ್ ಕೈಗೆ ಬಂದ ದಿನ ಬರೆದಿಟ್ಟುಕೊಳ್ಳಿ. ಲಕೋಟೆಯನ್ನೂ ಬಿಸಾಡಬೇಡಿ. ಕಮರ್ಷಿಯಲ್ ಕೋರ್ಟಿನ ದಾವೆಯಲ್ಲಿ ಲಿಖಿತ ಹೇಳಿಕೆ, ಅಂದರೆ ದಾವೆಗೆ ನಿಮ್ಮ ಕಡೆಯ ಉತ್ತರ, ಸಲ್ಲಿಸಲು 30 ದಿನ ಕೊಡುತ್ತಾರೆ. ಕಾರಣ ತೋರಿಸಿದರೆ, ಖರ್ಚು ಕಟ್ಟಿಸಿಕೊಂಡು, ಒಟ್ಟು 120 ದಿನದವರೆಗೆ ಅವಕಾಶ ಸಿಗಬಹುದು. ಅದಾದ ಮೇಲೆ ಒಂದು ದಿನ ತಡವಾದರೂ ಆ ಹೇಳಿಕೆ ತೆಗೆದುಕೊಳ್ಳುವುದಿಲ್ಲ. ಸಾಮಾನ್ಯ ಜಮೀನು ವ್ಯಾಜ್ಯದ ಹಾಗೆ ವಾಯಿದೆ ಮೇಲೆ ವಾಯಿದೆ ಸಿಗುತ್ತದೆ ಅಂತ ನಮ್ಮ ಕಡೆಯ ಜನ ಅಂದುಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ಹಾಜರಾಗದೆ ಕೂತರೆ ನಿಮ್ಮ ಮಾತು ಕೇಳದೆ ಏಕಪಕ್ಷೀಯವಾಗಿ ಡಿಕ್ರಿ, ಅಂದರೆ ಕೋರ್ಟಿನ ತೀರ್ಮಾನ, ಆಗುತ್ತದೆ.

ತೀರ್ಥಹಳ್ಳಿಯವನ ಮೇಲೆ ಬೆಂಗಳೂರಲ್ಲಿ ಹೇಗೆ ಕೇಸು ಹಾಕಿದರು ಅಂತ ಕೇಳಬಹುದು. 1957ರ ಕಾಪಿರೈಟ್ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಹಕ್ಕುದಾರರು ತಾವು ವಾಸ ಮಾಡುವ ಅಥವಾ ವ್ಯವಹಾರ ನಡೆಸುವ ಜಾಗದಲ್ಲೇ ದಾವೆ ಹೂಡಬಹುದು. ಕೋರ್ಟಿನ ವ್ಯಾಪ್ತಿಯನ್ನೇ ಪ್ರಶ್ನಿಸುತ್ತಾ ದಿನ ಕಳೆಯಬೇಡಿ.

ಎರಡನೆಯದು, ಸಮನ್ಸ್ ಜೊತೆ ಮಧ್ಯಂತರ ತಡೆಯಾಜ್ಞೆ, ಅಂದರೆ ಕೇಸು ಮುಗಿಯುವವರೆಗೆ ಇದನ್ನು ಮಾಡಬೇಡಿ ಅನ್ನುವ ಆದೇಶ, ಇದೆಯಾ ನೋಡಿ. ಇದ್ದರೆ ಅದನ್ನು ಇವತ್ತೇ ಪಾಲಿಸಬೇಕು. ಮೀರಿದರೆ ಆಸ್ತಿ ಜಪ್ತಿ ಮಾಡಬಹುದು, ಮೂರು ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು.

ಇನ್ನು ಡಿಲೀಟ್ ವಿಷಯ. ಚಾನೆಲ್ ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಕೀಲರ ಎದುರಿಗೆ, ಅಲ್ಲಿ ಏನೇನಿತ್ತು ಅಂತ ದಾಖಲೆ ಮಾಡಿಟ್ಟುಕೊಂಡು ನಿಲ್ಲಿಸಬೇಕು. ಫೋನ್ ಫಾರ್ಮ್ಯಾಟ್ ಮಾಡುವುದು, ಹಾರ್ಡ್ ಡಿಸ್ಕ್ ತುಂಗೆಗೆ ಎಸೆಯುವುದು, ಇವೆಲ್ಲ ಸಾಕ್ಷ್ಯ ನಾಶ. ಅದೇ ಇನ್ನೊಂದು ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 238ನೇ ಸೆಕ್ಷನ್. ಇರುವ ತೊಂದರೆ ಸಾಲದು ಅಂತ ಇದನ್ನೂ ತಲೆ ಮೇಲೆ ಎಳೆದುಕೊಳ್ಳಬಾರದು.

ಗಾಜನೂರು ಅಕ್ಕ:
ತುಂಬಾ ಉಪಕಾರ ಆಯಿತು ಸರ್. ತಡೆಯಾಜ್ಞೆ ಪ್ರತಿ ಇದೆ, ಈಗ ನೋಡಿದೆ. ಒಂದು ಪ್ರಶ್ನೆ. ಚಾನೆಲ್‌ನಲ್ಲಿ ಅವನ ಹೆಸರೇ ಇರಲಿಲ್ಲ. ಆದರೂ ಹೇಗೆ ಹುಡುಕಿದರು?

ಕೇಬಲ್ ಮೇಷ್ಟ್ರು:
ಅಕ್ಕ, ನೀವೇ ಹೇಳಿದಿರಲ್ಲ, ಅಂಗಡಿಯ ಯುಪಿಐಗೆ 49 ರೂಪಾಯಿ ಅಂತ. ಅವರ ಕಡೆಯವರು ಯಾರಾದರೂ 49 ರೂಪಾಯಿ ಕಟ್ಟಿ ಸೇರಿದರೆ ಅಂಗಡಿಯ ಹೆಸರು ಫೋನಿನಲ್ಲಿ ಬಂದುಬಿಡುತ್ತದೆ. ಬಹುಶಃ ಅಷ್ಟೇ ಸಾಕಾಗಿರಬೇಕು.

ಟೆಲಿಗ್ರಾಂನಲ್ಲಿ ಹೆಸರು ಕಾಣುವುದಿಲ್ಲ, ಹಾಗಾಗಿ ಸಿಕ್ಕಿಬೀಳುವುದಿಲ್ಲ ಅನ್ನುವ ನಂಬಿಕೆ ಹುಡುಗರಲ್ಲಿ ಜಾಸ್ತಿ. 2022ರಲ್ಲಿ ಕೋಚಿಂಗ್ ಪಾಠಗಳನ್ನು ಕದ್ದು ಹಂಚಿದ ಚಾನೆಲ್‌ಗಳ ವಿಷಯದಲ್ಲಿ ದೆಹಲಿ ಹೈಕೋರ್ಟ್ ಅಡ್ಮಿನ್‌ಗಳ ವಿವರ ಕೊಡಿ ಅಂತ ಟೆಲಿಗ್ರಾಂಗೇ ಆದೇಶ ಮಾಡಿತು. ಸರ್ವರ್ ಹೊರದೇಶದಲ್ಲಿದೆ ಅನ್ನುವ ವಾದ ನಿಲ್ಲಲಿಲ್ಲ. ಫೋನ್ ನಂಬರ್, ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಗುರುತಿನ ನಂಬರ್) ಎಲ್ಲ ಕೊಟ್ಟರು.

ಟೊರೆಂಟ್ ಬಗ್ಗೆಯೂ ಹೇಳಬೇಕು, ಯಾಕೆಂದರೆ ಇದು ಬಹಳ ಜನರಿಗೆ ಗೊತ್ತಿಲ್ಲ. ಟೊರೆಂಟ್ ನಮ್ಮ ಮುಯ್ಯಾಳು ಪದ್ಧತಿ ಇದ್ದ ಹಾಗೆ. ಬೇರೆಯವರಿಂದ ತೆಗೆದುಕೊಳ್ಳುತ್ತಿರುವಾಗಲೇ ನೀವೂ ಬೇರೆಯವರಿಗೆ ಕೊಡುತ್ತಿರುತ್ತೀರಿ. ಸಿನಿಮಾ ಚೂರು ಚೂರಾಗಿ ಬರುತ್ತದೆ. ನಿಮ್ಮ ಕಂಪ್ಯೂಟರಿಗೆ ಬಂದ ಚೂರು ತಕ್ಷಣ ಇನ್ನೊಬ್ಬರಿಗೆ ಹೋಗುತ್ತದೆ. 'ನಾನು ಬರೀ ಇಳಿಸಿಕೊಂಡೆ' ಅನ್ನುವ ಮಾತು ಟೊರೆಂಟ್ ವಿಷಯದಲ್ಲಿ ನಿಲ್ಲುವುದೇ ಕಷ್ಟ. ಆ ಕ್ಷಣಕ್ಕೆ ಯಾರ್ಯಾರು ಹಂಚುತ್ತಿದ್ದಾರೆ ಅನ್ನುವ ಐಪಿ ಪಟ್ಟಿ ಅದರಲ್ಲಿ ಸೇರಿದ ಎಲ್ಲರಿಗೂ ಕಾಣುತ್ತದೆ. ಹಕ್ಕುದಾರರ ಕಡೆಯ ಕಂಪನಿಗಳು ಅದರೊಳಗೇ ಕೂತು ಪಟ್ಟಿ ಬರೆದುಕೊಳ್ಳುತ್ತವೆ.

ಮ್ಯೂನಿಕ್ ಮಲೆನಾಡಿಗ:
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಸಾಗರದವನು, ಈಗ ಜರ್ಮನಿಯಲ್ಲಿದ್ದೇನೆ. ಇಲ್ಲಿಗೆ ಓದಲು ಬರುವ ನಮ್ಮ ಹುಡುಗರಿಗೆ ಬರುವ ಮೊದಲ ಕಾನೂನು ಪತ್ರ ಎಷ್ಟೋ ಸಲ ಇದೇ ಆಗಿರುತ್ತದೆ. ಆಬ್ಮಾನುಂಗ್ ಅನ್ನುತ್ತಾರೆ. ಟೊರೆಂಟ್‌ನಲ್ಲಿ ಐಪಿ ಹಿಡಿದು, ಕೋರ್ಟ್ ಆದೇಶದ ಮೇಲೆ ಇಂಟರ್‌ನೆಟ್ ಕಂಪನಿಯಿಂದ ಹೆಸರು, ವಿಳಾಸ ತೆಗೆದು, ವಕೀಲರ ಕಚೇರಿಯಿಂದ ಮನೆಗೇ ಪತ್ರ ಬರುತ್ತದೆ. ಒಂದೇ ಸಿನಿಮಾಕ್ಕೆ ನೂರಾರು ಯೂರೋ ಕೇಳುತ್ತಾರೆ.

ಆ ಪತ್ರದ ಜೊತೆ ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಅಂತ ಒಂದು ಮುಚ್ಚಳಿಕೆ ಇರುತ್ತದೆ. ಹೆದರಿ ಅವರು ಕಳಿಸಿದ್ದಕ್ಕೇ ಸಹಿ ಹಾಕಿದರೆ ತಪ್ಪು ಒಪ್ಪಿದ ಹಾಗೂ ಆಗಬಹುದು, ಮುಂದೆ ಮತ್ತೆ ಸಿಕ್ಕಿದರೆ ದೊಡ್ಡ ದಂಡವೂ ಬೀಳುತ್ತದೆ. ಪತ್ರ ಕಸದ ಬುಟ್ಟಿಗೆ ಹಾಕಿದರೆ ಕೋರ್ಟಿಗೆ ಹೋಗುತ್ತಾರೆ. ವಕೀಲರಿಗೆ ತೋರಿಸಿ, ಮುಚ್ಚಳಿಕೆಯ ಮಾತು ತಿದ್ದಿಸಿ ಕಳಿಸುವುದು ಇಲ್ಲಿಯ ರೂಢಿ. ನನ್ನ ರೂಮಿನ ಗೆಳೆಯ ಹಾಗೇ ಮಾಡಿದ, ಮೊತ್ತವೂ ಇಳಿಯಿತು.

ಅಮೆರಿಕದಲ್ಲಿ ಇನ್ನೂ ಜೋರು. ಅಲ್ಲಿನ ಕಾನೂನಿನಲ್ಲಿ ನಷ್ಟ ಎಷ್ಟು ಅಂತ ತೋರಿಸದಿದ್ದರೂ ಒಂದು ಕೃತಿಗೆ 750ರಿಂದ 30,000 ಡಾಲರ್‌ವರೆಗೆ ಕೇಳಬಹುದು. ಬೇಕೆಂದೇ ಮಾಡಿದ್ದು ಅಂತಾದರೆ 1,50,000 ಡಾಲರ್‌ವರೆಗೂ ಹೋಗಬಹುದು. ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಮನೆಯವರು ಬಿಎಸ್‌ಸಿ ಅಂಕಪಟ್ಟಿ, ಉಪ್ಪಿನಕಾಯಿ ಎಲ್ಲ ನೆನಪಿಟ್ಟು ಕಳಿಸುತ್ತೀರಿ. ಲ್ಯಾಪ್‌ಟಾಪಿನಿಂದ ಟೊರೆಂಟ್ ತೆಗೆಸಿ ಕಳಿಸಿ ಅಂತ ನನ್ನ ಕೋರಿಕೆ.

ಹೊಸನಗರ ಹುಡುಗ:
ಸರಿ, ಸಿಮ್ ಬದಲಾಯಿಸಿ ಅಂದಿದ್ದನ್ನು ಬಿಟ್ಟೆ. ಆದರೆ ನನ್ನ ಮಾತೂ ಕೇಳಿ. ನಮ್ಮೂರಲ್ಲಿ ಮಳೆಗಾಲ ಬಂತು ಅಂದರೆ ಕರೆಂಟು ಇರುವುದಿಲ್ಲ, ನೆಟ್‌ವರ್ಕ್‌ಗೆ ಗುಡ್ಡ ಹತ್ತಬೇಕು. ಒಟಿಟಿಗೆ ದುಡ್ಡು ಕಟ್ಟಿದರೂ ಸಿನಿಮಾ ಓಡುವುದಿಲ್ಲ. ಶಿವಮೊಗ್ಗಕ್ಕೆ ಹೋಗಿ ಸಂಜೆ ಆಟ ನೋಡಿದರೆ ವಾಪಸ್ ಬರಲು ಬಸ್ಸಿಲ್ಲ. ನಾವು ಹೋಗುವಷ್ಟರಲ್ಲಿ ಸಿನಿಮಾವನ್ನೇ ತೆಗೆದಿರುತ್ತಾರೆ. ಪೆನ್‌ಡ್ರೈವ್ ಒಂದೇ ನಮಗೆ ದಾರಿ. ನಾವೂ ಕನ್ನಡ ಸಿನಿಮಾ ಪ್ರೀತಿಸುವವರೇ ಅಲ್ವಾ?

ಟಾಕೀಸ್ ಆಪರೇಟರ್:
ನಿನ್ನ ಕಷ್ಟ ಗೊತ್ತು ಮಾರಾಯ. ನಾನು ಈ ಕಡೆಯ ಟಾಕೀಸುಗಳಲ್ಲಿ ರೀಲು ಸುತ್ತಿದವನು, ಆಮೇಲೆ ಡಿಜಿಟಲ್ ಪ್ರೊಜೆಕ್ಟರೂ ನಡೆಸಿದವನು. ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಸಿನಿಮಾ ಯಾಕೆ ಬೇಗ ತೆಗೆಯುತ್ತಾರೆ ಅಂತ ನಾನು ಒಳಗಿನಿಂದ ನೋಡಿದ್ದೇನೆ.

ದೊಡ್ಡ ಹೀರೋ ಸಿನಿಮಾಕ್ಕೆ ಪೈರಸಿ ಬಂದರೂ ಮೊದಲ ಮೂರು ದಿನ ಜನ ಬರುತ್ತಾರೆ. ಹೊಸ ಹುಡುಗರು ಮಾಡಿದ ಸಣ್ಣ ಕನ್ನಡ ಸಿನಿಮಾ ಹಾಗಲ್ಲ. ಶುಕ್ರವಾರ, ಶನಿವಾರ ಖಾಲಿ ಇರುತ್ತದೆ. ನೋಡಿದ ನಾಲ್ಕು ಜನ ಚೆನ್ನಾಗಿದೆ ಅಂತ ಹೇಳಿ, ಆ ಮಾತು ಹಬ್ಬಿ, ಭಾನುವಾರ ಸಂಜೆಯಿಂದ ಜನ ಬರಬೇಕು. ಅಷ್ಟರಲ್ಲಿ ಫೋನಿಗೆ ಸಿನಿಮಾ ಬಂದಿರುತ್ತದೆ. 'ಚೆನ್ನಾಗಿದೆಯಂತೆ, ಕಳಿಸು' ಅನ್ನುತ್ತಾರೆ. ಸೋಮವಾರ ಟಾಕೀಸು ಖಾಲಿ. ಬುಧವಾರ ಹಂಚಿಕೆದಾರರು ಬೇರೆ ಸಿನಿಮಾ ಹಾಕಿ ಅನ್ನುತ್ತಾರೆ. ಜನರ ಬಾಯಿಮಾತಿನಿಂದಲೇ ಬದುಕಬೇಕಾದ ಸಿನಿಮಾ ಅದೇ ಬಾಯಿಮಾತಿನಿಂದ ಸಾಯುವುದನ್ನು ನೋಡಿದ್ದೇನೆ. ನಾನು ಕೆಲಸ ಮಾಡಿದ ಟಾಕೀಸು ಈಗ ಕಲ್ಯಾಣ ಮಂಟಪ. ಬಾಗಿಲು ಹಾಕಿದ್ದಕ್ಕೆ ಪೈರಸಿ ಒಂದೇ ಕಾರಣ ಅಂತ ಹೇಳಲಾರೆ. ಮನೆಮನೆಗೆ ಟಿವಿ ಬಂತು, ಮಾಲ್ ಬಂತು, ಟಾಕೀಸಿನ ಕುರ್ಚಿಗಳೂ ಹಾಳಾಗಿದ್ದವು. ಆದರೂ ಕೊನೆಯ ವರ್ಷಗಳಲ್ಲಿ ಪ್ರತಿ ಸೋಮವಾರ ಆ ಖಾಲಿ ಹಾಲಿನಲ್ಲಿ ಬೆಳಕು ಬಿಟ್ಟವನು ನಾನು. ಅದರ ನೋವು ನನಗೆ ಈಗಲೂ ಇದೆ.

ಇನ್ನೊಂದು ವಿಷಯ. ಹಾಲಿನಲ್ಲಿ ಫೋನ್ ಹಿಡಿದು ಚಿತ್ರೀಕರಿಸುವವರಿಗೆ ಹೇಳುತ್ತೇನೆ. ಡಿಜಿಟಲ್ ಪ್ರಿಂಟಿನಲ್ಲಿ ಕಣ್ಣಿಗೆ ಕಾಣದ ಗುರುತು ಇರುತ್ತದೆ. ಕದ್ದ ಪ್ರತಿ ಸಿಕ್ಕಿದರೆ ಯಾವ ಟಾಕೀಸು, ಯಾವ ಹೊತ್ತಿನ ಆಟ ಅಂತ ತೆಗೆಯುತ್ತಾರೆ. ಮೊದಲು ಪ್ರಶ್ನೆ ಬರುವುದು ನಮ್ಮಂಥ ಆಪರೇಟರುಗಳಿಗೆ, ಗೇಟ್ ಹುಡುಗರಿಗೆ.

ಕೋರ್ಟ್ ಹಾಲ್:
ಅದಕ್ಕೆ ಈಗ ಬೇರೆಯೇ ಕಾನೂನಿದೆ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ತಿದ್ದುಪಡಿ ಆಯಿತು. ಟಾಕೀಸಿನಲ್ಲಿ ಅನುಮತಿ ಇಲ್ಲದೆ ಚಿತ್ರೀಕರಿಸಿದರೆ ಕನಿಷ್ಠ ಮೂರು ತಿಂಗಳು, ಗರಿಷ್ಠ ಮೂರು ವರ್ಷ ಜೈಲು. ದಂಡ ಕನಿಷ್ಠ 3 ಲಕ್ಷ, ಸಿನಿಮಾದ ಒಟ್ಟು ನಿರ್ಮಾಣ ವೆಚ್ಚದ 5 ಶೇಕಡದವರೆಗೂ ಹೋಗಬಹುದು. 20 ಕೋಟಿಯ ಸಿನಿಮಾಕ್ಕೆ ಲೆಕ್ಕ ಹಾಕಿ ನೋಡಿ, 1 ಕೋಟಿ.

ಅಕ್ಕನ ತಮ್ಮನ ವಿಷಯಕ್ಕೆ ಬರುತ್ತೇನೆ. ಕ್ರಿಮಿನಲ್ ದೂರು ಕೊಟ್ಟರೆ ಮುಖ್ಯವಾಗಿ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಬರುತ್ತದೆ. ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಅಂತಾದರೆ ಕೋರ್ಟು ಕಾರಣ ಬರೆದು ಶಿಕ್ಷೆ ಕಡಿಮೆ ಮಾಡಬಹುದು. ಆ 49 ರೂಪಾಯಿ ಅಲ್ಲಿ ತೊಂದರೆ ಕೊಡುತ್ತದೆ. ಮೊತ್ತ ಸಣ್ಣದು ನಿಜ. ಆದರೆ ದುಡ್ಡು ತೆಗೆದುಕೊಂಡ ಮೇಲೆ ಹವ್ಯಾಸಕ್ಕೆ ಮಾಡಿದೆ ಅನ್ನಲು ಆಗುವುದಿಲ್ಲ.

ಇದಕ್ಕೆ ಠಾಣೆಯಲ್ಲೇ ಜಾಮೀನು ಸಿಗುತ್ತದೆ ಅಂತ ಹಳೆಯ ಮಾತೊಂದು ಓಡಾಡುತ್ತಿದೆ. ಅದನ್ನು ನಂಬಬೇಡಿ. 63ನೇ ಸೆಕ್ಷನ್ ಜಾಮೀನುರಹಿತ ಅಂತ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ನಾಳೆಯೇ ಕೈಕೋಳ ಬೀಳುತ್ತದೆ ಅಂತಲೂ ಅಲ್ಲ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅಗತ್ಯವಿಲ್ಲ ಅನ್ನಿಸಿದರೆ ಪೊಲೀಸರು ವಿಚಾರಣೆಗೆ ಬನ್ನಿ ಅಂತ ನೋಟಿಸ್ ಕೊಡಬೇಕು. ಕರೆದಾಗ ತಪ್ಪದೆ ಹೋಗಬೇಕು. ಎಫ್‌ಐಆರ್ ಆಗುವ ಸೂಚನೆ ಕಂಡರೆ ಶಿವಮೊಗ್ಗ ಸೆಷನ್ಸ್ ಕೋರ್ಟಿನಲ್ಲಿ ಬಂಧನಕ್ಕೆ ಮೊದಲೇ ನಿರೀಕ್ಷಣಾ ಜಾಮೀನು ಕೇಳಬಹುದು.

ಗೂಂಡಾ ಕಾಯ್ದೆ ಅಂತ ಹೆದರಿಸಿದವರು ಪೂರ್ತಿ ಸುಳ್ಳು ಹೇಳಿಲ್ಲ. 1985ರ ನಮ್ಮ ರಾಜ್ಯದ ಆ ಕಾಯ್ದೆಯ ಹೆಸರಲ್ಲೇ ವಿಡಿಯೋ, ಆಡಿಯೋ ಪೈರಸಿ ಮಾಡುವವರ ಪ್ರಸ್ತಾಪ ಇದೆ. ಅದು ಮುಂಜಾಗ್ರತಾ ಬಂಧನದ, ಅಂದರೆ ಮುಂದೆ ಅಪರಾಧ ಮಾಡದಂತೆ ಮೊದಲೇ ಹಿಡಿದಿಡುವ ಕಾನೂನು, ಅದಕ್ಕೆ ಬೇರೆ ಆದೇಶ, ಬೇರೆ ಪ್ರಕ್ರಿಯೆ ಇದೆ. ನಿಮ್ಮ ಕೈಯಲ್ಲಿ ಈಗ ಇರುವುದು ಸಿವಿಲ್ ದಾವೆ. ಅಮ್ಮನಿಗೆ ಇಷ್ಟು ಹೇಳಿ, ಸ್ವಲ್ಪ ಧೈರ್ಯ ಬರಬಹುದು.

ಹೆಗ್ಗೋಡು ಪ್ರೇಕ್ಷಕ:
ಬರೀ ನೋಡುವುದು ಅಪರಾಧವಾ ಅನ್ನುವ ಪ್ರಶ್ನೆ ಯಾರಾದರೂ ಕೇಳುತ್ತಾರೆ ಅಂತ ಕಾಯುತ್ತಿದ್ದೆ. ನಿರ್ಬಂಧಿಸಿದ ವೆಬ್‌ಸೈಟ್ ತೆರೆದರೆ ನೋಡುವುದೂ ಜೈಲಿಗೆ ದಾರಿ ಅನ್ನುವ ಎಚ್ಚರಿಕೆ 2016ರಲ್ಲಿ ಬರುತ್ತಿತ್ತು. ಅದೇ ವರ್ಷ ಬಾಂಬೆ ಹೈಕೋರ್ಟ್, ನೋಡುವುದು ಅಪರಾಧ ಅಲ್ಲ, ಹಕ್ಕುದಾರರಿಗೆ ಹಾನಿಯಾಗುವಂತೆ ಹಂಚುವುದು, ಸಾರ್ವಜನಿಕವಾಗಿ ತೋರಿಸುವುದು, ಮಾರುವುದು, ಬಾಡಿಗೆಗೆ ಕೊಡುವುದು ಅಪರಾಧ ಅಂತ ಸ್ಪಷ್ಟ ಮಾಡಿತು. ಆದರೆ ಮೇಷ್ಟ್ರು ಹೇಳಿದ ಹಾಗೆ ಟೊರೆಂಟ್‌ನಲ್ಲಿ ಹಂಚುವುದೂ ಸೇರಿಕೊಂಡಿದೆ. ವಾಟ್ಸಾಪ್ ಗ್ರೂಪಿಗೆ ಫೈಲ್ ಕಳಿಸಿದರೂ ಹಂಚಿದಂತೆಯೇ.

ನನ್ನ ಸಂಕಟ ಬೇರೆ. ನೀನಾಸಂ ಚಿತ್ರ ಸಮಾಜ 1973ರಲ್ಲಿ ಶುರುವಾಗಿದ್ದು. ಜಗತ್ತಿನ ಸಿನಿಮಾಗಳನ್ನು ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೂತು ನೋಡಬಹುದು ಅಂತ ತೋರಿಸಿದ ಊರು ನಮ್ಮದು. ಫಿಲ್ಮ್ ತರಿಸಿ, ಜನ ಸೇರಿಸಿ, ಮಾತಾಡಿ ನೋಡುತ್ತಿದ್ದರು. ಹೊಸನಗರದ ಹುಡುಗ ಕೇಳಿದ್ದಕ್ಕೆ ನನಗೆ ಕಾಣುವ ಉತ್ತರ ಅದೇ. ಹಳ್ಳಿಗೆ ಸಿನಿಮಾ ಬರಬೇಕು, ಕೇಳಿ ತರಿಸಬೇಕು. ಸಣ್ಣ ಸಿನಿಮಾ ಮಾಡಿದವರಿಗೆ ಬರೆದು ನೋಡಿ. ಸಮುದಾಯ ಭವನದಲ್ಲಿ ಅನುಮತಿ ಪಡೆದು, ಟಿಕೆಟ್ ಇಟ್ಟು ತೋರಿಸುತ್ತೇವೆ ಅಂದರೆ ಖುಷಿಯಿಂದ ಒಪ್ಪುವವರು ಇದ್ದಾರೆ.

ಹಳೆಯ ಕನ್ನಡ ಸಿನಿಮಾಗಳ ಕಥೆ ಮಾತ್ರ ನಿಜಕ್ಕೂ ಬೇಸರದ್ದು. ತೀರ್ಥಹಳ್ಳಿ ತಾಲೂಕಿನ ಕೆಸಲೂರಿನಲ್ಲಿ ಹುಟ್ಟಿದ ಗಿರೀಶ್ ಕಾಸರವಳ್ಳಿಯವರ ಮೊದಲ ಸಿನಿಮಾ 1977ರದ್ದು. ಅದು ಹೊಸದಾಗಿ ಸಂರಕ್ಷಣೆಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅಂಥ ಭಾಗ್ಯ ಎಷ್ಟು ಸಿನಿಮಾಕ್ಕೆ ಇದೆ? ಉಳಿದವನ್ನು ದುಡ್ಡು ಕೊಟ್ಟು ನೋಡುತ್ತೇವೆ ಅಂದರೂ ಕೊಡುವವರಿಲ್ಲ. ಯಾರೋ ಟಿವಿಯಿಂದ ಹಿಡಿದ ಮಸುಕು ಪ್ರತಿಯೇ ಗತಿ. ಹಕ್ಕುದಾರರು ಕೇಸು ಹಾಕುವಷ್ಟೇ ಉತ್ಸಾಹದಿಂದ ಹಳೆಯದನ್ನು ಜನರಿಗೆ ತಲುಪಿಸಬೇಕು ಅಂತ ನಾನು ಕಳಕಳಿಯಿಂದ ಕೇಳುತ್ತೇನೆ.

ಹೊಸನಗರ ಹುಡುಗ:
ಸರ್, ತುಂಬ ಹಳೆಯ ಸಿನಿಮಾಗಳಿಗೆ ಹಕ್ಕು ಮುಗಿದಿರುತ್ತದಂತೆ, ಹೌದಾ?

ಕೋರ್ಟ್ ಹಾಲ್:
ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಅದರೊಳಗಿನ ಕಥೆ, ಹಾಡಿನ ಸಾಹಿತ್ಯಕ್ಕೆ ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಾಗಾಗಿ ಹಳೆಯದು ಅಂದ ಕೂಡಲೇ ಬಿಟ್ಟಿ ಅಂದುಕೊಳ್ಳಬೇಡಿ.

ಗಾಜನೂರು ಅಕ್ಕ:
ಸರ್, ಇನ್ನೊಂದು ಕೇಳಬೇಕಿತ್ತು. ನಿನ್ನೆ ಅವನಿಗೆ ಯಾರೋ ಫೋನ್ ಮಾಡಿ, ಸೈಬರ್ ಪೊಲೀಸ್ ಅಂತ ಹೇಳಿ, ಈಗಲೇ 40 ಸಾವಿರ ಹಾಕಿದರೆ ಕೇಸು ಮುಗಿಸುತ್ತೇವೆ ಅಂದರಂತೆ. ಅಪ್ಪ ಬ್ಯಾಂಕಿಗೆ ಹೊರಟಿದ್ದರು, ನಾನು ತಡೆದೆ.

ಕೋರ್ಟ್ ಹಾಲ್:
ಒಳ್ಳೆಯ ಕೆಲಸ ಮಾಡಿದಿರಿ. ಯಾವ ಪೊಲೀಸರೂ, ಯಾವ ಕೋರ್ಟೂ ಫೋನಿನಲ್ಲಿ ದುಡ್ಡು ಹಾಕಿಸಿಕೊಂಡು ಕೇಸು ಮುಗಿಸುವುದಿಲ್ಲ. ಆ ನಂಬರನ್ನು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ತಿಳಿಸಿ. ಶಿವಮೊಗ್ಗದ ಸಿಇಎನ್ (ಸೈಬರ್ ಅಪರಾಧ ನೋಡುವ) ಠಾಣೆಯಲ್ಲೂ ದೂರು ಕೊಡಬಹುದು. ನಿಜವಾದ ದಾವೆಗೆ ನಂಬರ್ ಇರುತ್ತದೆ, ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿ ನೋಡಿದರೆ ಮುಂದಿನ ದಿನಾಂಕ ಸಮೇತ ಬರುತ್ತದೆ.

ವಕೀಲರ ಖರ್ಚು ಕಷ್ಟ ಅನ್ನಿಸಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ತೋಟ ಅಡ ಇಡುವ ಮಾತು ಈಗಲೇ ಬೇಡ. 10 ಲಕ್ಷ ಕೇಳಿದ್ದಾರೆ ಅಂದರೆ ಕೋರ್ಟು 10 ಲಕ್ಷವೇ ಕೊಡಿಸುತ್ತದೆ ಅಂತ ಅಲ್ಲ. ಅಷ್ಟು ನಷ್ಟ ಆಗಿದೆ ಅಂತ ಅವರು ತೋರಿಸಬೇಕು. ಎಷ್ಟೋ ಕೇಸುಗಳಲ್ಲಿ ಅವರಿಗೆ ಮುಖ್ಯವಾಗಿ ಬೇಕಿರುವುದು ಚಾನೆಲ್ ನಿಲ್ಲುವುದು, ಫೈಲ್ ಎಲ್ಲಿಂದ ಬಂತು ಅನ್ನುವ ಮಾಹಿತಿ, ಮತ್ತೆ ಮಾಡುವುದಿಲ್ಲ ಅನ್ನುವ ಮುಚ್ಚಳಿಕೆ. ರಾಜಿಗೆ ಅಲ್ಲೇ ದಾರಿ ಇದೆ. ರಾಜಿ ಆದರೆ ಕೋರ್ಟಿನಲ್ಲೇ ದಾಖಲಿಸಿ ಡಿಕ್ರಿ ಮಾಡಿಸಿಕೊಳ್ಳಿ, ಬರೀ ಕಾಗದದ ಮೇಲೆ ಬಿಡಬೇಡಿ. ಒಂದು ವೇಳೆ ಎಫ್‌ಐಆರ್ ಆಗಿಬಿಟ್ಟಿದ್ದರೆ ಸಿವಿಲ್ ರಾಜಿಯಿಂದ ಅದು ತಾನಾಗಿ ಹೋಗುವುದಿಲ್ಲ, ಹೈಕೋರ್ಟಿನಲ್ಲಿ ರದ್ದು ಮಾಡಿಸಬೇಕು. ಅದಕ್ಕೇ ಬೇಗ ಮಾತಾಡಿ ಅನ್ನುವುದು.

ಟಾಕೀಸ್ ಆಪರೇಟರ್:
ಅಕ್ಕ, ಹುಡುಗನಿಗೆ ಕೈಕೆಲಸ ಗೊತ್ತಿದೆ. ರಿಪೇರಿ ಅಂಗಡಿ ಬಿಡಿಸಬೇಡಿ. ನಾನು ಇಷ್ಟೆಲ್ಲ ಬರೆದಿದ್ದು ಅವನನ್ನು ಜೈಲಿಗೆ ಹಾಕಲಿ ಅಂತ ಅಲ್ಲ.

ಗಾಜನೂರು ಅಕ್ಕ:
ಎಲ್ಲರಿಗೂ ವಿಷಯ ತಿಳಿಸುತ್ತೇನೆ ಅಂದಿದ್ದೆ. ಬೆಂಗಳೂರಿನಲ್ಲಿ ವಕೀಲರು ಸಿಕ್ಕರು. ವಕಾಲತ್ತು ಹಾಕಿದ್ದಾರೆ. ಚಾನೆಲ್‌ನಲ್ಲಿ ಇದ್ದ ಪಟ್ಟಿಯನ್ನೆಲ್ಲ ತೆಗೆದಿಟ್ಟುಕೊಂಡು, ಅವರ ಕಚೇರಿಯಲ್ಲೇ ಕೂತು ಚಾನೆಲ್ ನಿಲ್ಲಿಸಿದ. ತಡೆಯಾಜ್ಞೆ ಪಾಲಿಸಿದ್ದೇವೆ ಅಂತ ಕೋರ್ಟಿಗೆ ಮೆಮೊ ಕೊಟ್ಟಿದ್ದಾರೆ. ಲಿಖಿತ ಹೇಳಿಕೆಯೂ ಗಡುವಿನೊಳಗೆ ಹೋಯಿತು. ಎದುರು ಪಕ್ಷದ ವಕೀಲರು ಮಧ್ಯಸ್ಥಿಕೆಗೆ ಒಪ್ಪಿದ್ದಾರೆ. ಮೊತ್ತ ಇನ್ನೂ ತೀರ್ಮಾನ ಆಗಿಲ್ಲ, ಆದರೆ 10 ಲಕ್ಷದ ಮಾತು ಈಗ ಅವರ ಬಾಯಲ್ಲೂ ಇಲ್ಲ. ಪೊಲೀಸ್ ದೂರು ಇದುವರೆಗೆ ಆಗಿಲ್ಲ. ಅಮ್ಮ ಊಟ ಮಾಡುತ್ತಿದ್ದಾರೆ.

ತಮ್ಮ ನಿರ್ಮಾಪಕರಿಗೆ ಕ್ಷಮೆ ಕೇಳಿ ಒಂದು ಪತ್ರ ಬರೆದಿದ್ದಾನೆ. ವಕೀಲರಿಗೆ ತೋರಿಸಿದ್ದೇವೆ, ಮಧ್ಯಸ್ಥಿಕೆಯಲ್ಲಿ ಕೊಡೋಣ, ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ ಅಂದರು.

ಒಂದು ಬೇಡಿಕೆ ಇದೆ. ಅವನು ಹಾಕಿದ ಫೈಲುಗಳಲ್ಲಿ ಚಾನೆಲ್ ಹೆಸರು ಸೇರಿಕೊಂಡಿದೆ. ಈಗಲೂ ಬೇರೆ ಗ್ರೂಪುಗಳಲ್ಲಿ ಅದೇ ಫೈಲ್ ಓಡಾಡುತ್ತಿದೆ. ಹಾಗೆ ಬಂದಾಗಲೆಲ್ಲ ನಾವು ಹಾಕಿದ್ದಲ್ಲ ಅಂತ ಎದುರು ಪಕ್ಷದವರಿಗೆ ವಿವರಿಸಬೇಕಾಗುತ್ತಿದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರು ಇಲ್ಲಿ ಜಾಸ್ತಿ ಇದ್ದೀರಿ. ನಿಮ್ಮ ಫೋನಿಗೆ ಅಂಥದ್ದು ಬಂದರೆ ಮುಂದೆ ಕಳಿಸಬೇಡಿ, ಕಳಿಸಿದವರಿಗೂ ಬೇಡ ಅಂತ ಹೇಳಿ.

ಹೊಸನಗರ ಹುಡುಗ:
ನಮ್ಮ ಗ್ರೂಪಿನಲ್ಲಿ ಎರಡು ಇತ್ತು ಅಕ್ಕ. ಅಡ್ಮಿನ್‌ಗೆ ಹೇಳಿ ತೆಗೆಸಿದ್ದೇನೆ. ಹೆಗ್ಗೋಡಿನವರೇ, ಸಮುದಾಯ ಭವನದಲ್ಲಿ ಸಿನಿಮಾ ತೋರಿಸಲು ಅನುಮತಿ ಪತ್ರ ಹೇಗೆ ಬರೆಯಬೇಕು, ಒಂದು ಮಾದರಿ ಹಾಕುತ್ತೀರಾ?